ಅಣ್ಣ ಕೇಳಿಸಿಕೊಳ್ಳಬಾರದಿದ್ದ ಮಾತು

ಹೋಟೆಲಿನ ಚಾದರಗಳನ್ನು ಇಡೀ ದಿನ ಒಗೆದು, ಇಸ್ತ್ರಿ ಹಾಕಿ, ಮನೆಗೆ ಬಂದು ಮೂರು ಮಕ್ಕಳಿಗೆ ಉಣ್ಣಿಸಿದ ಮೇಲೆ ಫೂಸಿಗೆ ತನ್ನದೆಂದು ಉಳಿಯುತ್ತಿದ್ದದ್ದು ಮನಿಲಾದಿಂದ ಬರುವ ಆ ಧಾರಾವಾಹಿಯೊಂದೇ. ದ್ವೀಪದ ರಾಜಧಾನಿ ನುಕುಅಲೋಫಾದ ಅರ್ಧ ಹೆಂಗಸರು ಅದನ್ನು ನೋಡುತ್ತಿದ್ದರು. ಫೂಸಿಯ ಹಾಗೆ ಅರೆದು ಕುಡಿದವರು ಮಾತ್ರ ಇನ್ನೊಬ್ಬರಿರಲಿಲ್ಲ. ನಾಯಕಿ ಅಳುವಾಗ ಮೂಗು ಕೆಂಪಾಗುವುದಿಲ್ಲ, ಹಾಗಾಗಿ ಅದು ಅಳುವೇ ಅಲ್ಲ ಎನ್ನುವಳು. ಅತ್ತೆಯ ಪಾತ್ರದವಳು ಬಾಯಿ ಬಿಡದೆ, ಬರೀ ಚಹಾದ ಲೋಟ ಕೆಳಗಿಡುವುದರಲ್ಲೇ ಸೊಸೆಯ ಜೀವ ಹಿಂಡುತ್ತಾಳೆ, ನಟನೆ ಅಂದರೆ ಅದು ಎನ್ನುವಳು. ಡಾಕ್ಟರ್ ವೇಷದ ನಾಯಕನ ಮೇಲೆ ಅವಳಿಗೆ ಪ್ರೀತಿಯೂ ಇತ್ತು, ಸಿಟ್ಟೂ ಇತ್ತು.

ಶುಕ್ರವಾರ ಸಂಜೆ ಧಾರಾವಾಹಿಯ ನೋಡುಗರು ಫೋನ್ ಮಾಡಿ ಮಾತನಾಡುವ ರೇಡಿಯೋ ಕಾರ್ಯಕ್ರಮವಿತ್ತು. ಫೂಸಿ ಹೆಸರು ಹೇಳುತ್ತಿರಲಿಲ್ಲ. 'ಒಬ್ಬ ಅಜ್ಜಿ' ಎಂದು ದನಿ ನಡುಗಿಸಿ ಶುರುಮಾಡುವಳು. ಅಜ್ಜಿಯ ಮಾತಿಗಾಗಿಯೇ ಜನ ಕಾಯುತ್ತಿದ್ದರು.

“ಅಜ್ಜೀ, ನಿನ್ನೆ ಕೊನೆಗೂ ಡಾಕ್ಟರು ಮುತ್ತು ಕೊಟ್ರಲ್ಲ, ಹೇಗಿತ್ತು?” ಎಂದು ನಿರೂಪಕ ಕೆಣಕಿದ.

“ಅದೂ ಒಂದು ಮುತ್ತೇನಪ್ಪಾ? ಕೆಸುವಿನ ಗೆಡ್ಡೆ ಬೆಂದಿದ್ಯೋ ಇಲ್ವೋ ಅಂತ ತುಟೀಲಿ ಮುಟ್ಟಿ ನೋಡ್ದಂಗಿತ್ತು! ಅಂಥಾ ಭುಜ ಇಟ್ಕೊಂಡು ಏನು ಪ್ರಯೋಜನ? ಒಂದು ವಾರ ನನ್ನ ಹತ್ರ ಕಳಿಸ್ರೋ, ಎಲ್ಲಾ ಕಲಿಸಿ ಕಳಿಸ್ತೀನಿ!”

ಹೇಳಿ ತಾನೇ ನಕ್ಕಳು. ಆ ನಗು ಅಜ್ಜಿಯದಲ್ಲ, ಉಸಿರು ಸಿಕ್ಕಿಕೊಂಡು ಕೊನೆಯಲ್ಲಿ ಬಿಕ್ಕಳಿಸುವ ಫೂಸಿಯದೇ ನಗು.

ಅವಳು ಇನ್ನೂ ಮಕ್ಕಳ ಬಟ್ಟೆ ಮಡಚುತ್ತಿರುವಾಗಲೇ ಗಂಡ ಮೊಸೆಸೆ ಬಾಗಿಲಲ್ಲಿ ನಿಂತಿದ್ದ.

“ಇಷ್ಟು ಬೇಗ ಕಾವಾ ಮುಗೀತಾ?”

“ಮುಗಿಸಿದೋಳು ನೀನೇ ಮಾರಾಯ್ತಿ.”

ಚರ್ಚಿನ ಸಭಾಂಗಣದಲ್ಲಿ ಗಂಡಸರು ಬೇರು ಅರೆದು ಕಲಸಿದ ಕಾವಾ ಪಾನೀಯದ ಬೋಗುಣಿಯ ಸುತ್ತ ಕೂತಾಗ ಹಾಡುತ್ತಾರೆ, ರೇಡಿಯೋ ಹಾಕುವುದಿಲ್ಲ ಎಂದೇ ಫೂಸಿ ನಂಬಿದ್ದಳು. ಅಂದು ರಗ್ಬಿ ಪಂದ್ಯದ ವಿವರಣೆ ಬರುವುದಿತ್ತು. ಪಂದ್ಯಕ್ಕೆ ಕಾಯುತ್ತ ಕೂತವರ ಕಿವಿಗೆ ಅಜ್ಜಿ ಬಿದ್ದಿದ್ದಳು.

“ಗೆಡ್ಡೆ ಮಾತಿಗೆ ಮೊದಲು ನಕ್ಕಿದ್ದು ಯಾರು ಗೊತ್ತಾ? ನಿಮ್ಮಣ್ಣ. ಹೊಟ್ಟೆ ಹಿಡ್ಕೊಂಡು ನಕ್ಕ. ಆಮೇಲೆ ನೀನು ನಕ್ಕೆ ನೋಡು...”

ಫೂಸಿಯ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. ಅವರ ನಾಡಿನಲ್ಲಿ ಅಣ್ಣ ತಂಗಿ ಒಬ್ಬರ ಕಿವಿಗೆ ಬೀಳುವಂತೆ ಇನ್ನೊಬ್ಬರು ಇಂಥ ಮಾತೆತ್ತುವುದಿಲ್ಲ. ಟೀವಿಯಲ್ಲಿ ನಾಯಕ ನಾಯಕಿಯ ಕೈ ಹಿಡಿದರೂ ಸಾಕು, ಇಬ್ಬರಲ್ಲೊಬ್ಬರು ನೀರು ಕುಡಿಯುವ ನೆವ ಮಾಡಿ ಎದ್ದುಹೋಗುತ್ತಾರೆ. ಅಣ್ಣ ಸಿತಲೇಕಿ ಅಂತೂ ಚರ್ಚಿನಲ್ಲಿ ಬೋಧನೆ ಮಾಡುವ ಮನುಷ್ಯ.

“ಅಣ್ಣ ಏನಾದ್ರೂ ಅಂದ್ನಾ?”

“ಏನಂತಾನೆ? ಕುಡೀತಿದ್ದ ತೆಂಗಿನ ಚಿಪ್ಪು ಕೆಳಗಿಟ್ಟು ಎದ್ದ. ಚಪ್ಪಲಿ ಮರೆತು ಬರಿಗಾಲಲ್ಲೇ ಹೋದ. ನಾವು ಯಾರೂ ಯಾರ ಮುಖಾನೂ ನೋಡ್ಲಿಲ್ಲ.”

ಅಪ್ಪ ಅಮ್ಮ ಹೋದಂದಿನಿಂದ ಸಿತಲೇಕಿಯ ಸಂಸಾರ ಭಾನುವಾರದ ಊಟಕ್ಕೆ ತಂಗಿಯ ಮನೆಗೇ ಬರುತ್ತಿತ್ತು. ಇನ್ನು ಆ ಅಂಗಳವನ್ನು ಅವನು ತುಳಿಯುತ್ತಾನೋ ಇಲ್ಲವೋ!

ಮರುದಿನ ಫೂಸಿ ಅತ್ತಿಗೆ ಲೆಸಿಯೆಲಿಯನ್ನು ಹುಡುಕಿಕೊಂಡು ಹೋದಳು. ಅಣ್ಣ ತೋಟಕ್ಕೆ ಹೋಗಿದ್ದ. ಅತ್ತಿಗೆ ಚಾಪೆ ಹೆಣೆಯುತ್ತಿದ್ದಳು.

“ಅತ್ತಿಗೆ, ಅಣ್ಣನ ಹತ್ರ ಕ್ಷಮೆ ಕೇಳ್ಬೇಕು.”

“ಏನಂತ ಕೇಳ್ತೀಯ?”

ಕ್ಷಮೆ ಕೇಳಬೇಕಾದರೆ ತಪ್ಪಿನ ಹೆಸರು ಹೇಳಬೇಕು. ಹೆಸರು ಹೇಳಿದರೆ ಅದೇ ತಪ್ಪನ್ನು ಅಣ್ಣನ ಮುಖಕ್ಕೇ ಇನ್ನೊಮ್ಮೆ ಮಾಡಿದಂತೆ.

“ನೀನು ಕೇಳಿದ್ರೆ ಅವ್ರು ಆ ಮಾತು ಕೇಳಿಸ್ಕೊಂಡಂಗಾಗುತ್ತೆ,” ಎಂದಳು ಲೆಸಿಯೆಲಿ. “ಈಗ ಅವ್ರು ಕೇಳಿಸ್ಕೊಂಡೇ ಇಲ್ಲ.”

“ಇಡೀ ಊರು ಕೇಳಿದ್ಯಲ್ಲ!”

“ಊರು ಕೇಳ್ಲಿ ಬಿಡು. ಅವ್ರು ಕೇಳಿಲ್ಲ.” ಒಂದೆರಡು ಎಳೆ ಹೆಣೆದು, ಸುತ್ತ ನೋಡಿ, ದನಿ ತಗ್ಗಿಸಿದಳು. “ಆದ್ರೂ ನಿಜ ಕಣೇ, ಆ ಮುತ್ತು ಹಂಗೇ ಇತ್ತು.”

ಅತ್ತಿಗೆಯ ಭುಜ ಕುಲುಕುತ್ತಿತ್ತು. ಫೂಸಿಗೆ ನಗು ಬರಲಿಲ್ಲ. ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಹುಳಿತ ಅನ್ನದಂತೆ ನಾರಿತು.

ಭಾನುವಾರ ನಸುಕಿಗೇ ನೆಲದೊಲೆಗೆ ಬೆಂಕಿ ಹಾಕಿದಳು. ಗೆಣಸು ಇಟ್ಟಳು, ಮೀನು ಇಟ್ಟಳು. ಕೆಸುವಿನ ಗೆಡ್ಡೆ ಇಡುವ ಧೈರ್ಯ ಮಾತ್ರ ಆಗಲಿಲ್ಲ. ಚರ್ಚಿನಲ್ಲಿ ಹಾಡುವಾಗ ಅವಳ ತುಟಿ ಆಡಿತೇ ಹೊರತು ದನಿ ಹೊರಡಲಿಲ್ಲ. ಆ ದನಿಯನ್ನು ಅಲ್ಲಿದ್ದವರೆಲ್ಲರೂ ಕೇಳಿದ್ದರಲ್ಲ.

ಸಿತಲೇಕಿ ಬಂದ. ಹೆಂಡತಿ ಮಕ್ಕಳು ಒಳಗೆ ಹೋದರೂ ಅವನು ಜಗಲಿಯಲ್ಲೇ ಕೂತ. ಫೂಸಿ ತಟ್ಟೆ ತಂದಿಟ್ಟಾಗ ಹಲಸಿನಂಥ ಕಾಯಿ ಬಿಟ್ಟ ಅಂಗಳದ ಮರವನ್ನು ನೋಡುತ್ತಲೇ ಹೇಳಿದ:

“ಶುಕ್ರವಾರ ನಂಗೆ ಹೊಟ್ಟೆನೋವು ಬಂತು ಫೂಸಿ. ಬೇಗ ಎದ್ದುಬಿಟ್ಟೆ. ಕಾವಾ ತೀರಾ ಗಟ್ಟಿಯಾಗಿತ್ತು.”

ಅವಳು ಏನನ್ನೂ ವಿಚಾರಿಸಿರಲಿಲ್ಲ. ದೇವರ ದಿನ, ತೊಡೆಯ ಮೇಲೆ ಪ್ರಾರ್ಥನೆಯ ಪುಸ್ತಕ ಇಟ್ಟುಕೊಂಡು, ಸುಳ್ಳಾಡುವವರನ್ನು ಬೋಧನೆಯಲ್ಲಿ ಹಿಡಿದು ಝಾಡಿಸುವ ಅಣ್ಣ ಅವಳಿಗೋಸ್ಕರ ಸುಳ್ಳು ಹೇಳುತ್ತಿದ್ದ. ಬೈದಿದ್ದರೆ ತಲೆತಗ್ಗಿಸಿ ನಿಂತು ಹಗುರಾಗಬಹುದಿತ್ತು. ಇದಕ್ಕೆ ಎಲ್ಲಿ ತಲೆ ಮರೆಸಿಕೊಳ್ಳುವುದು?

“ಈಗ ಹೇಗಿದೆ ಅಣ್ಣ, ಹೊಟ್ಟೆ?”

“ಈಗೇನೂ ಇಲ್ಲ.”

“ಇನ್ನೊಂದು ತುಂಡು ಮೀನು ಹಾಕ್ಲಾ?”

“ಹಾಕು.”

ಅವನು ತಟ್ಟೆ ಮುಂದೆ ಮಾಡಿದ. ಅವಳು ಬಡಿಸಿದಳು. ಇಬ್ಬರ ಕಣ್ಣೂ ತಟ್ಟೆ ಬಿಟ್ಟು ಮೇಲೇಳಲಿಲ್ಲ.