ಒದ್ದೆ ಗೋಣಿ

ಎಣ್ಣೆ ಕುಲುಮೆ ಉರಿಯುತ್ತಿದ್ದ ಕಾಲಕ್ಕೆ ತಾಮ್ರದ ಕಾರ್ಖಾನೆಯ ಗೋಡೆಗಳೇ ಗುಡುಗುತ್ತಿದ್ದವು. ಹೊಸ ಕರೆಂಟ್ ಕುಲುಮೆ ಬರೀ ಗುಂಯ್ ಅನ್ನುತ್ತಿತ್ತು. ಮೇಸ್ತ್ರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

“ಇದೇನು ಕುಲುಮೆಯೋ, ಉಪವಾಸ ಬಿದ್ದ ಸೊಳ್ಳೆಯೋ?”

ಅಳಿಯ ನಕ್ಕ. “ಮೆಲ್ಲಗೆ ಮಾವ, ಮ್ಯಾನೇಜರ್ ಗಾಜಿನ ಕೋಣೆಯಿಂದ ನೋಡ್ತಿದ್ದಾರೆ.”

ಹಳೇ ಕುಲುಮೆಯ ಆಳುಗಳಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಮನೆಗೆ ಅಟ್ಟುವುದು ಅಂತ ಆವತ್ತೇ ತೀರ್ಮಾನ. ಮೇಸ್ತ್ರಿಗೆ ತನ್ನ ಚಿಂತೆ ಇರಲಿಲ್ಲ. ಕೈಹಿಡಿದು ಕೆಲಸ ಕಲಿಸಿದ ಅಳಿಯ ಉಳಿಯಬೇಕಿತ್ತು. ಮಗಳು ಈಗ ತಾನೇ ಸಂಸಾರ ಹೂಡಿದ್ದಳು.

ಹೊತ್ತೇರುತ್ತಿದ್ದಂತೆ ಕುಲುಮೆಯೊಳಗೆ ಅದಿರು ಹೆಪ್ಪುಗಟ್ಟಿ ಕೂತಿತು. ಕೆಳಗೆ ಕರಗಿದ ತಾಮ್ರ, ಮೇಲೆ ಕಲ್ಲಿನಂಥ ಮುಚ್ಚಳ. ಕಿಂಡಿಯಿಂದ ಕಬ್ಬಿಣದ ಸಲಾಕೆ ತೂರಿಸಿ ಒಡೆಯಬೇಕು. ಮೊದಲು ಕರೆಂಟ್ ನಿಲ್ಲಿಸಿ, ಒಣಗಿದ ರಬ್ಬರ್ ಗವಸು ಹಾಕಿ, ಆಮೇಲೆ ಸಲಾಕೆ ಮುಟ್ಟಿ ಅಂತ ಹೊಸ ಕುಲುಮೆ ಕೂರಿಸಿದ ಇಂಜಿನಿಯರ್ ಬಾಯಿ ನೋಯುವಷ್ಟು ಸಲ ಹೇಳಿದ್ದ.

ಅಳಿಯ ಕರೆಂಟ್ ನಿಲ್ಲಿಸಲು ಹೊರಟ. ಮೇಸ್ತ್ರಿ ಅವನ ತೋಳು ಹಿಡಿದ.

“ಎಲ್ಲಿಗೆ? ಮ್ಯಾನೇಜರ್ ಎದುರಿಗೇ ಕುಲುಮೆ ಆರಿಸ್ತೀಯಾ? ಒಲೆ ಆರಿಸಿ ಸೌಟು ಆಡಿಸ್ತಾರೇನೋ ಯಾರಾದ್ರೂ?”

“ಇಂಜಿನಿಯರ್ ಹೇಳಿದ್ರಲ್ಲ ಮಾವ...”

“ಅವನಿಗೆ ಮೀಸೆ ಮೊಳೆಯೋ ಮುಂಚೆ ನಾನು ಬೆಂಕಿ ಜೊತೆ ಕುಸ್ತಿ ಆಡಿದೀನಿ. ರಬ್ಬರ್ ಕರಗಿ ಕೈಗಂಟಿದ್ರೆ ನನ್ನ ಮಗಳು ನಿಂಗೆ ತುತ್ತು ಇಡ್ಬೇಕಾ? ಕೊಡಿಲ್ಲಿ ಕೈ.”

ಎಣ್ಣೆ ಕುಲುಮೆಯ ಆಳುಗಳು ಗೋಣಿಚೀಲದ ಚೂರನ್ನು ನೀರಲ್ಲಿ ಅದ್ದಿ ಅಂಗೈಗೆ ಸುತ್ತಿಕೊಳ್ಳುತ್ತಿದ್ದರು. ಹಾಗೆ ಸುತ್ತಿಕೊಂಡವನ ಕೈ ಎಂದೂ ಸುಟ್ಟಿದ್ದಿಲ್ಲ. ಮೇಸ್ತ್ರಿ ಬಕೆಟ್ಟಿನಲ್ಲಿ ಗೋಣಿ ಚೆನ್ನಾಗಿ ನೆನೆಸಿ, ಎಳೆಗೂಸಿಗೆ ಬಟ್ಟೆ ಸುತ್ತಿದಷ್ಟು ಜೋಪಾನವಾಗಿ ಅಳಿಯನ ಎರಡೂ ಕೈಗೆ ಸುತ್ತಿ ಗಂಟು ಹಾಕಿದ.

ಸಲಾಕೆ ಕಿಂಡಿಯೊಳಗೆ ಹೋಯಿತು. ಕುಲುಮೆಗೆ ಕರೆಂಟ್ ಇಳಿಸುವ ಕರಿ ಕಂಬಕ್ಕೆ ಅದರ ತುದಿ ತಗುಲಿತು. ನೀರು ಕುಡಿದ ಗೋಣಿ ಬೆಂಕಿಯನ್ನು ತಡೆದೀತು, ಕರೆಂಟನ್ನು ತಡೆದೀತೇ? ಅಳಿಯ ಕೂಗಲೂ ಇಲ್ಲ. ನಿಂತಲ್ಲೇ ಹೋದ.

ಮಧ್ಯಾಹ್ನ ಮ್ಯಾನೇಜರ್ ಮೇಸ್ತ್ರಿಯ ಜೊತೆ ಮಗಳ ಮನೆ ಬಾಗಿಲಲ್ಲಿ ನಿಂತು, ಸಾವಿನ ಸುದ್ದಿ ತಿಳಿಸಿ ಹೇಳಿದ, “ನಿಮ್ಮ ಯಜಮಾನ್ರು ಹೇಳಿಕೊಟ್ಟಿದ್ದನ್ನ ಮರೆತುಬಿಟ್ರಮ್ಮ. ತಪ್ಪು ಅವರದೇ.”

“ಮರೆಯೋರಲ್ಲ ಅವರು,” ಅಂದಳು ಮಗಳು. “ಊಟಕ್ಕೆ ಕೂತಾಗೆಲ್ಲ ಆ ಪಾಠ ನಂಗೆ ಒಪ್ಪಿಸ್ತಿದ್ರು. ಅಪ್ಪಾ, ನೀವು ಅಲ್ಲೇ ಇದ್ರಲ್ಲ, ಹೇಳಿ ಇವರಿಗೆ.”

ಬಾಯಿ ಮುಚ್ಚಿಕೊಂಡಿದ್ದರೆ ಮೇಸ್ತ್ರಿಗೆ ಮಗಳಾದರೂ ಉಳಿಯುತ್ತಿದ್ದಳು. ಸತ್ತವನ ತಲೆಗೆ ತನ್ನ ತಪ್ಪನ್ನೂ ಕಟ್ಟಲು ಅವನಿಗೆ ಮನಸ್ಸು ಬರಲಿಲ್ಲ.

“ಮರೀಲಿಲ್ಲ ಕಣಮ್ಮ ಅವನು. ಕರೆಂಟ್ ನಿಲ್ಲಿಸೋಕೆ ಹೊರಟಿದ್ದ. ನಾನೇ ಬಿಡ್ಲಿಲ್ಲ. ಒದ್ದೆ ಗೋಣಿ ಸುತ್ತಿದ್ದೂ ನಾನೇ.”

ಮಗಳು ಮ್ಯಾನೇಜರ್ ಕಡೆ ತಿರುಗಿ, “ಒಳಗೆ ಬನ್ನಿ ಸಾರ್. ಅವರನ್ನ ಎಲ್ಲಿ ಮಲಗಿಸಿದ್ದೀರಿ ಹೇಳಿ,” ಅಂದಳು.

ಮೇಸ್ತ್ರಿಯೂ ಹೊಸ್ತಿಲ ಮೇಲೆ ಕಾಲಿಟ್ಟ.

“ನೀವು ಬೇಡ,” ಅಂದಳು.