ಲಾಭ ಎಂಬ ಡಿಸ್ಕು

ಮದುವೆಯ ವಿಡಿಯೋ ತೆಗೆಯುವವನು ಯಾವ ವಿಡಿಯೋದಲ್ಲೂ ಇರುವುದಿಲ್ಲ. ಮಳವಳ್ಳಿಯ ರಾಜೇಂದ್ರ ತೀರಿಕೊಂಡ ಮೇಲೆ ಹೆಂಡತಿ ಮಂಜುಶ್ರೀಗೆ ಉಳಿದದ್ದು ಗೋಡೆಯ ಮೇಲಿನ ಒಂದು ಫೋಟೊ. ಫೋಟೊ ಮಾತಾಡೀತೆ? ಅವಳಿಗೆ ಬೇಕಿದ್ದದ್ದು ಅವನ ದನಿ. ಗಿರಾಕಿಗಳಿಗೆ ಕೊಟ್ಟ ವಿಡಿಯೋಗಳಲ್ಲಿ ಆ ದನಿಯನ್ನು ಅಳಿಸಿ ಸಿನಿಮಾ ಹಾಡು ತುಂಬಿದವನು ಅವನೇ, ಮಹಾನುಭಾವ. ಕತ್ತರಿಸದ ಮೂಲ ವಿಡಿಯೋಗಳೆಲ್ಲ ಇದ್ದದ್ದು ಸ್ಟುಡಿಯೋದ ಸರ್ವರಿನಲ್ಲಿ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಎಂದು ಎದೆ ಗಟ್ಟಿಯಾಗುವುದನ್ನೇ ಕಾಯುತ್ತಿದ್ದಳು. ಅಷ್ಟರಲ್ಲಿ 'ಒಂದನೇ ಡಿಸ್ಕು ಕೆಟ್ಟಿದೆ' ಎಂದು ಸರ್ವರು ಪರದೆಯ ಮೇಲೆ ಬರೆಯಿತು.

ಒಳಗೆ ನಾಲ್ಕು ಡಿಸ್ಕು. ಒಂದು ಸತ್ತರೆ ಉಳಿದ ಮೂರು ಸೇರಿ ಅದರ ಪಾಲನ್ನೂ ಕಟ್ಟಿಕೊಡುತ್ತವೆ. ಎರಡು ಹೋದರೆ ಎಲ್ಲವೂ ಹೋದಂತೆ. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ರಾಜೇಂದ್ರ ಡಿಸ್ಕುಗಳಿಗೂ ಹಾಗೆಯೇ ಚೀಟಿ ಅಂಟಿಸಿದ್ದ: ಲಾಭ, ಎರಡು, ಮೂರು, ನಾಲ್ಕು. ಒಂದೆಂದರೆ ಲಾಭವೇ ಸರಿ ಎಂದು ಮಂಜುಶ್ರೀ ಅದನ್ನು ಕಿತ್ತು ಹೊಸದನ್ನು ತುರುಕಿದಳು. ಸರ್ವರು ಪೂರ್ತಿ ಬಾಯಿ ಮುಚ್ಚಿಕೊಂಡಿತು.

ಮಂಡ್ಯದಿಂದ ರಿಪೇರಿಗೆ ಬಂದ ಪ್ರೀತಂ ಚೀಟಿಗಳನ್ನು ನೋಡಿ ತಲೆ ಕೆರೆದುಕೊಂಡ.

"ಈ ಮಿಸನ್ನು ಸೊನ್ನೆಯಿಂದ ಎಣಿಸ್ತದೆ ಕಣಕ್ಕ. ಅದು ಒಂದು ಅಂದ್ರೆ ನಿಮ್ಮ ಎರಡು. ಚೆನ್ನಾಗಿರೋದ್ನೇ ಕಿತ್ತಾಕಿದ್ದೀರಿ."

"ಅಂಗಾರೆ ಅವರ ದನಿ ಓಯ್ತಾ?"

"ಕಿತ್ತಿದ್ದು ಎಲ್ಲದೆ, ಅದ ಹೇಳಿ ಮೊದ್ಲು."

ಕೆಟ್ಟದ್ದೆಂದು ಎಸೆಯಬೇಕಾದದ್ದನ್ನು, ಗಂಡನ ಕೈಬರಹ ಇದೆಯೆಂಬ ಒಂದೇ ಕಾರಣಕ್ಕೆ ಅವಳು ಬೀರುವಿನಲ್ಲಿಟ್ಟಿದ್ದಳು. ತಂದುಕೊಟ್ಟಳು. ಪ್ರೀತಂ ಲಾಭವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದ. ನಿಜಕ್ಕೂ ಕೆಟ್ಟಿದ್ದ, 'ಎರಡು' ಚೀಟಿಯ ಡಿಸ್ಕನ್ನು ಎಳೆದು ಅಲ್ಲಿಗೆ ಹೊಸದನ್ನು ಹಾಕಿದ.

"ಇನ್ನು ಇವು ಮೂರೂ ಸೇರಿ ಹೊಸದ್ನ ತುಂಬುಸ್ಬೇಕು. ಮಧ್ಯದಲ್ಲಿ ಇನ್ನೊಂದು ಕೈಕೊಟ್ರೆ ನನ್ನ ಕೇಳ್ಬ್ಯಾಡಿ," ಎಂದ.

ಮಂಜುಶ್ರೀ ತರಿಸಿದ್ದ ಕಾಫಿ ಆರಿ ಕೆನೆ ಕಟ್ಟಿತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆಯ ಹೊತ್ತಿಗೆ ಕೆಲಸ ಮುಗಿದು, ಪ್ರೀತಂ ಕೈಗೆ ಸಿಕ್ಕ ಒಂದು ವಿಡಿಯೋ ತೆರೆದ.

ಕೆರಗೋಡಿನ ಯಾವುದೋ ಮದುವೆ. ಹಸೆಮಣೆಯ ಮೇಲೆ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ಓಲಗದ ಸದ್ದಿನ ನಡುವೆ ರಾಜೇಂದ್ರನ ದನಿ ಬಂತು: "ತಲೆ ಎತ್ತವ್ವ. ಅಲ್ಲೆಲ್ಲೂ ಬ್ಯಾಡ, ನನ್ನೇ ನೋಡು."

ಅತ್ತುಬಿಡುತ್ತೇನೆಂದು ಮಂಜುಶ್ರೀ ಅಂದುಕೊಂಡಿದ್ದಳು. ಅಳು ಬರಲಿಲ್ಲ. ಮದುಮಗಳು ಕಣ್ಣೆತ್ತಿ ಅವನನ್ನೇ ನೋಡಿ ನಕ್ಕಳು. ಯಾರೋ ಗುರುತಿಲ್ಲದ ಹುಡುಗಿ ಅವನನ್ನು ಕಣ್ತುಂಬ ನೋಡುತ್ತಿದ್ದಾಳೆ. ಮಂಜುಶ್ರೀಗೆ ಹೊಟ್ಟೆ ಉರಿಯಿತು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಪರದೆಯ ಮೇಲಿನ ಆ ಹುಡುಗಿಯ ಮುಖದ ಹತ್ತಿರ ಬಾಗಿದಳು.

"ಎಂಗವ್ರೆ, ಯೋಳವ್ವ," ಎಂದಳು.