ಕಡಲ ಕಡೆಯ ಕಿಟಕಿಗೆ ಒಂದು ಗಂಟು

ಪ್ರಣೀತಾ ಉರಿಯುತ್ತಿದ್ದ ಊದುಬತ್ತಿಗಳನ್ನು ಅವನ್ನು ಚುಚ್ಚಿದ್ದ ಬಾಳೆಹಣ್ಣಿನ ಸಮೇತ ಎತ್ತಿ ಬಕೆಟ್ಟಿನ ನೀರಿಗೆ ಅದ್ದಿಬಿಟ್ಟಳು. ಚುಂಯ್ ಎಂಬ ಸದ್ದಿಗೆ ಚಾವಡಿಯಲ್ಲಿ ಕುಳಿತವರೆಲ್ಲ ತಲೆ ಎತ್ತಿದರು.

"ಎಂತ ಮಾರಾಯ್ತಿ ನೀನು ಮಾಡಿದ್ದು!" ದೇಜಪ್ಪ ಎದ್ದೇ ನಿಂತ. ಕಾಪುವಿನ ಈ ಓಣಿಯಲ್ಲಿ ಯಾರು ತೀರಿಕೊಂಡರೂ ಬಿದಿರು, ಕಟ್ಟಿಗೆ, ಮಡಕೆ ಹೊಂದಿಸುವವನು ಅವನೇ. ಊದುಬತ್ತಿ ಹಚ್ಚಿದ್ದೂ ಅವನೇ. "ಅತ್ತೆಯ ತಲೆಯ ಹತ್ತಿರ ಹಚ್ಚಿದ್ದನ್ನು ಹೀಗೆ ನಂದಿಸುವುದಾ?"

"ಅತ್ತೆಗೆ ಆಗುವುದಿಲ್ಲ, ದೇಜಪ್ಪಣ್ಣ."

"ಈಗ ಅವಳಿಗೆ ಆಗುವುದು, ಆಗದಿರುವುದು ಎಂತ ಉಂಟು?"

ಅತ್ತೆ ವಿನೋದಾ ಚಾವಡಿಯ ನಡುವೆ ಚಾಪೆಯ ಮೇಲೆ ಮಲಗಿದ್ದಳು. ತಲೆಯ ಬದಿಯಲ್ಲಿ ತೆಂಗಿನಕಾಯಿಯ ಕಡಿಯೊಳಗೆ ದೀಪ. ಬೆಳಗಿನ ಜಾವ ರೆಂಜೆ ಹೂ ಹೆಕ್ಕಲು ಹೋದವಳು ಮರದ ಬುಡದಲ್ಲೇ ಒರಗಿ ಕುಳಿತಿದ್ದಳು. ದಣಿವಾರಿಸಿಕೊಳ್ಳುತ್ತಾಳೆ ಎಂದುಕೊಂಡು ಪ್ರಣೀತಾ ನೀರು ಒಯ್ದಿದ್ದಳು. ಮಡಿಲಲ್ಲಿ ಹೂಗಳು ಇನ್ನೂ ಒದ್ದೆಯಾಗಿದ್ದವು.

"ನಿಮ್ಮ ಹೆಂಡತಿ ಹೋದಾಗ ನಿಮ್ಮ ಮನೆಯಲ್ಲಿ ಊದುಬತ್ತಿ ಹಚ್ಚಿದ್ರಾ?" ಪ್ರಣೀತಾ ಕೇಳಿದಳು.

ದೇಜಪ್ಪ ಬಕೆಟ್ಟಿನತ್ತ ನೋಡಿದ. "ಇಲ್ಲ. ವಿನೋದಾ ಬಂದು ಕಿಟಕಿಗೆ ಗಂಟು ಕಟ್ಟಿದ್ದಳು."

"ಹಾಗಾದ್ರೆ ಅವರಿಗೆ ಯಾರು ಕಟ್ಟುವುದು?"

ವಿನೋದಾಳ ಗಂಡ ಭುಜಂಗ ಗೋಡೆಗೆ ಒರಗಿ ತನ್ನ ಅಂಗೈಯನ್ನೇ ನೋಡುತ್ತಿದ್ದ.

"ಕಾರ್ಕಳದಿಂದ ವಿನೋದಾಳ ಅಣ್ಣ ಬಂದ ಕೂಡಲೇ ಎತ್ತುವುದು," ಎಂದ ದೇಜಪ್ಪ ಕೊನೆಗೆ, ದನಿ ತಗ್ಗಿಸಿ. "ಬಸ್ಸು ಹತ್ತಿಯಾಯಿತಂತೆ. ಅಷ್ಟರೊಳಗೆ ನಿನ್ನಿಂದ ಆಗುವುದಾದರೆ ಮಾಡು."

*

ವಿನೋದಾಳ ಕೈಯಲ್ಲಿ ಪರಿಮಳ ಒಂದು ಮನೆಗೆಲಸವಾಗಿತ್ತು. ಹಪ್ಪಳ ಹಚ್ಚುವ ಹಾಗೆ, ಉಪ್ಪಿನಕಾಯಿ ಹಾಕುವ ಹಾಗೆ. ಕಾಪು ಪೇಟೆಯ ಜ್ಯೂಸಿನ ಅಂಗಡಿಯಿಂದ ಕಿತ್ತಳೆ ಸಿಪ್ಪೆ ತರುವಳು. ರೆಂಜೆ ಹೂವನ್ನು ಮಂಚದ ಅಡಿಯಲ್ಲಿ, ನೆರಳಲ್ಲಿ ಒಣಗಿಸುವಳು. ಲಾವಂಚದ ಬೇರನ್ನು ಹೆಣೆದು ಅಂಗೈಯಗಲದ ಚೀಲ ಮಾಡಿ, ಅದರೊಳಗೆ ದಾಲ್ಚಿನ್ನಿ ಎಲೆಯನ್ನೋ ಮಜ್ಜಿಗೆಹುಲ್ಲನ್ನೋ ತುಂಬಿ ಬಾಯಿ ಹೊಲಿಯುವಳು. ಸೀರೆಯ ಕಪಾಟಿಗೆ ಒಂದು ಬಗೆ, ಮಕ್ಕಳು ಮಲಗುವ ಕೋಣೆಗೆ ಇನ್ನೊಂದು, ಮಣಿಪಾಲದ ಫ್ಲಾಟುಗಳಲ್ಲಿ ಬಾಗಿಲು ಮುಚ್ಚಿ ಬದುಕುವವರಿಗೆ ಮತ್ತೊಂದು. ಪ್ರಣೀತಾ ಮದುವೆಯಾಗಿ ಬಂದ ಮೇಲೆ ಆ ಫ್ಲಾಟಿನವರ ಫೋನು ತೆಗೆದುಕೊಳ್ಳುವುದು, ಪಾರ್ಸೆಲ್ ಕಟ್ಟುವುದು ಅವಳ ಪಾಲಿಗೆ ಬಂದಿತ್ತು.

"ಮೀನಿನ ವಾಸನೆ ಮುಚ್ಚುವಂಥದ್ದು ಉಂಟಾ ಅಂತ ಕೇಳ್ತಾ ಇದ್ದಾರೆ, ಅತ್ತೆ," ಎಂದು ಅವಳು ಒಮ್ಮೆ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ್ದಳು.

"ಮುಚ್ಚುವುದಕ್ಕೆ ಪಾತ್ರೆಗೆ ಮುಚ್ಚಳ ಉಂಟಲ್ವಾ, ಅದನ್ನು ಇಡ್ಲಿಕ್ಕೆ ಹೇಳು," ಎಂದಿದ್ದಳು ವಿನೋದಾ. "ನನ್ನದು ಮುಚ್ಚುವುದಿಲ್ಲ. ಪಕ್ಕದಲ್ಲಿ ಕೂತುಕೊಳ್ಳುತ್ತದೆ."

ಕೆಲಸದ ನಡುವೆ ಆಗಾಗ ಅವಳು ಬಲಗೈ ಮಡಚಿ ಮೊಣಕೈಯ ಒಳಮಡಿಕೆಗೆ ಮುಖ ಒತ್ತಿಕೊಳ್ಳುತ್ತಿದ್ದಳು. ಬೆವರು ಒರೆಸಿಕೊಳ್ಳುತ್ತಾಳೆ ಎಂದು ಪ್ರಣೀತಾ ತಿಳಿದಿದ್ದಳು.

ಊದುಬತ್ತಿಯ ವಿಷಯ ಬಂದದ್ದು ಒಂದು ಮಧ್ಯಾಹ್ನ. ವಿನೋದಾಳ ತಾಯಿ ತೀರಿಕೊಂಡಾಗ ಮನೆಯಲ್ಲಿ ಗುಲಾಬಿ ಪರಿಮಳದ ಊದುಬತ್ತಿ ಹಚ್ಚಿದ್ದರಂತೆ. ಮರುವರ್ಷ ಅವಳ ಮದುವೆ. ಮಂಟಪದಲ್ಲಿ ಯಾರೋ ಅದನ್ನೇ ಹಚ್ಚಿದರು. "ನಿನ್ನ ಮಾವ ಕರಿಮಣಿ ಕಟ್ಟುತ್ತಾ ಇದ್ದಾರೆ, ನನಗೆ ಅಮ್ಮನ ಮೂಗಿನಲ್ಲಿ ಇಟ್ಟ ಹತ್ತಿ ಕಾಣುತ್ತಾ ಉಂಟು. ಹುಡುಗಿಗೆ ಮದುವೆ ಇಷ್ಟವಿಲ್ಲ ಅಂತ ನಿನ್ನ ಮಾವನ ಕಡೆಯವರು ಈಗಲೂ ಹೇಳುವುದುಂಟು." ಅವಳು ನಕ್ಕಿದ್ದಳು. "ಸಾವಿನ ಮನೆಯ ಪರಿಮಳ ಆ ಮನೆಯಲ್ಲೇ ಮುಗಿಯಬೇಕು ಮಗಾ. ಅಂಗಡಿಯಲ್ಲಿ, ಛತ್ರದಲ್ಲಿ ಮತ್ತೆ ಸಿಕ್ಕಬಾರದು."

ಹಾಗಾಗಿ ಊದುಬತ್ತಿಯ ಬದಲಿಗೆ ಬಾಯಿ ಹೊಲಿದ ಗಂಟು. ಯಾರದೇ ಮನೆಯಲ್ಲಿ ಸಾವಾದರೂ ವಿನೋದಾ ಹೋಗಿ ಕಿಟಕಿಗೆ ಒಂದು ಕಟ್ಟಿ ಬರುತ್ತಿದ್ದಳು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅದನ್ನು ಬಿಚ್ಚದೆ ಕಡಲಿಗೆ ಬಿಡಬೇಕು. ಒಳಗೆ ಎಂತ ಎಂದು ಅವಳು ಹೇಳುತ್ತಿರಲಿಲ್ಲ. ದುಃಖದಲ್ಲಿದ್ದವರು ಕೇಳುತ್ತಲೂ ಇರಲಿಲ್ಲ.

*

ಹಿಂಬದಿಯ ಕೋಣೆಯಲ್ಲಿ ಪ್ರಣೀತಾ ಡಬ್ಬಿಗಳ ಮುಚ್ಚಳ ತೆಗೆಯುತ್ತಾ ಹೋದಳು. ಲಾವಂಚ, ಕಿತ್ತಳೆ, ರೆಂಜೆ, ಒಣಗಿದ ಕೇದಗೆ. ಎಲ್ಲವೂ ಅತ್ತೆಯದೇ, ಯಾವುದೂ ಅತ್ತೆಯಲ್ಲ. ಸಾವಿನ ಗಂಟಿಗೆ ಇದರಲ್ಲಿ ಯಾವುದು? ಮೂಸಿದ್ದನ್ನೇ ಮತ್ತೆ ಮೂಸಿ ಮೂಗು ಮರಗಟ್ಟಿತು. ಕಡೆಗೆ ಕೇದಗೆಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯದಾಯಿತು.

"ಪ್ರಣೀತಾ," ಎಂದು ಬಾಗಿಲಲ್ಲಿ ದನಿ. ಶಿರ್ವದ ಝೀಟಾಬಾಯಿ ಆಟೋ ಇಳಿದು ಬಂದವಳು ಇನ್ನೂ ಏದುಸಿರು ಬಿಡುತ್ತಿದ್ದಳು. ಅವಳ ಗಂಡ ಎಡ್ಮಂಡ್ ಬಡಗಿ. ಹೋದ ವರ್ಷ ತೀರಿಕೊಂಡಿದ್ದ. "ನೀನು ಗಂಟಿಗೆ ಒದ್ದಾಡ್ತಾ ಇದ್ದಿ ಅಂತ ದೇಜಪ್ಪ ಹೇಳಿದ. ನೋಡು, ನನಗೆ ಬೈಯಬೇಡ." ವ್ಯಾನಿಟಿ ಬ್ಯಾಗಿನಿಂದ ಕರವಸ್ತ್ರ ತೆಗೆದು ಬಿಡಿಸಿದಳು. ಒಳಗೆ ಲಾವಂಚದ ಪುಟ್ಟ ಚೀಲ. "ನಾನು ಕಡಲಿಗೆ ಬಿಡಲಿಲ್ಲ. ದೇವರ ಅಲ್ತಾರಿನಲ್ಲಿ, ಜೇಜುವಿನ ಪಟದ ಹಿಂದೆ ಇಟ್ಟಿದ್ದೆ. ವಿನೋದಾಳಿಗೆ ಸುಳ್ಳು ಹೇಳಿದ್ದು."

ಚಾವಡಿಯಿಂದ ದೇಜಪ್ಪನೂ, ಕಡಿಯಾಳಿಯ ಸುಭಾಷಿಣಿಯಮ್ಮನೂ ಬಾಗಿಲಿಗೆ ಬಂದರು. ಸುಭಾಷಿಣಿಯಮ್ಮ ಬಹಳ ಹಿಂದಿನಿಂದ ವಿನೋದಾಳ ಗಿರಾಕಿ; ಅವರ ತಾಯಿಯ ಸಾವಿಗೂ ಗಂಟು ಹೋಗಿತ್ತು. ಪ್ರಣೀತಾ ಕತ್ತರಿಯಿಂದ ಹೊಲಿಗೆ ಬಿಚ್ಚಿ ಪೇಪರಿನ ಮೇಲೆ ಸುರಿದಳು.

ಕೀಸಿದ ಹಲಸಿನ ಮರದ ಹಳದಿ ಸುರುಳಿಗಳು. ಕೊಬ್ಬರಿ ಎಣ್ಣೆ ಮೆತ್ತಿದ ಬಟ್ಟೆಯ ಚೂರು. ಮತ್ತೆ ಒಂದು ಚಿಟಿಕೆ ಕಂದು ಪುಡಿ.

ಝೀಟಾಬಾಯಿ ಬಗ್ಗಿ ಮೂಸಿದಳು. "ಬೀಡಿ!" ಎಂದಳು. "ಜನ್ಮವಿಡೀ ಬೈದಿದ್ದೇನೆ ಆ ಬೀಡಿಗೆ. ಮನೆಯೊಳಗೆ ಸೇದಿದರೆ ಅನ್ನ ಇಲ್ಲ ಅಂತಿದ್ದೆ. ಈಗ ನೋಡು, ಜೇಜುವಿನ ಹಿಂದೆಯೇ ಕೂತು ಸೇದಿದ್ದಾನೆ ಮಾರಾಯ್ತಿ!" ನಗಲು ಹೋದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಮ್ಮಲ್ಲಿ ಬೀಡಿ ಇರಲಿಲ್ಲ," ಎಂದರು ಸುಭಾಷಿಣಿಯಮ್ಮ ನಿಧಾನವಾಗಿ. "ನಮ್ಮದರಲ್ಲಿ ಇಂಗು. ವಿನೋದಾಳಿಗೆ ಎಲ್ಲೋ ಡಬ್ಬಿ ತಪ್ಪಿರಬೇಕು, ಪಾಪ, ಹೇಳುವುದು ಬೇಡ ಅಂತ ಸುಮ್ಮನಿದ್ದೆ. ಅಮ್ಮನ ಬೆರಳು ಯಾವಾಗಲೂ ಇಂಗು. ಹೂ ಮುಡಿಸಿದರೆ ಹೂವೂ ಇಂಗು."

ಎಲ್ಲರೂ ದೇಜಪ್ಪನನ್ನು ನೋಡಿದರು. ಅವನ ಹೆಂಡತಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗಿ ಕಾಪು ಮಾರ್ಕೆಟಿನಲ್ಲಿ ಒಣಮೀನು ಮಾರುತ್ತಿದ್ದವಳು.

"ನನಗೆ ಎಂತ ಗೊತ್ತು," ಎಂದ ಅವನು. "ಗೋಣಿ, ಉಪ್ಪು, ಒಣಮೀನು... ಮೀನು ಒಣಗಿಸುವ ಅಂಗಳದಿಂದ ಗಾಳಿಗೆ ಬರುವುದು ಅಂತ ತಿಳಿದಿದ್ದೆ. ಗಂಟನ್ನು ಕಡಲಿಗೆ ಬಿಟ್ಟ ಮೇಲೆ ಅದೂ ಇಲ್ಲ. ಈಗ ಒಣಮೀನಿನ ರಾಶಿಯ ಮೇಲೇ ಕೂತರೂ ನನಗೆ ವಾಸನೆ ಬರುವುದಿಲ್ಲ. ಅಭ್ಯಾಸ ಆಗಿ ಹೋಯಿತು."

ಸಾವಿನ ಗಂಟು ಎಂಬುದು ಒಂದಲ್ಲ. ಸತ್ತವರು ಎಷ್ಟೋ ಅಷ್ಟು.

*

ಎಡ್ಮಂಡ್ ಹೋದ ದಿನ ವಿನೋದಾ ಶಿರ್ವದ ಮನೆಗೆ ಬಂದವಳು ಹೆಣದ ಬಳಿ ಸ್ವಲ್ಪವೇ ನಿಂತು, ಹಿತ್ತಿಲಿನ ಕೆಲಸದ ಶೆಡ್ಡಿಗೆ ಹೋಗಿದ್ದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಝೀಟಾಬಾಯಿ ಹಿಂದೆಯೇ ಹೋದಳು. ವಿನೋದಾ ಎಡ್ಮಂಡನ ಸ್ಟೂಲಿನ ಮೇಲೆ ಕುಳಿತಿದ್ದಳು. ಮೊಳೆಗೆ ಸಿಕ್ಕಿಸಿದ್ದ ಅವನ ಅಂಗಿಯನ್ನು ಮೂಗಿಗೆ ಹಿಡಿಯುವಳು, ಇಳಿಸುವಳು, ಕೈ ಮಡಚಿ ಮೊಣಕೈಯಲ್ಲಿ ಮುಖ ಹುದುಗಿಸುವಳು. ಮತ್ತೆ ಮರದ ಸುರುಳಿ, ಮತ್ತೆ ಮೊಣಕೈ.

ಅಳುತ್ತಿದ್ದಾಳೆ ಎಂದುಕೊಂಡು ಝೀಟಾಬಾಯಿ ಸದ್ದಿಲ್ಲದೆ ಹಿಂದಿರುಗಿದ್ದಳು. ತನ್ನ ಗಂಡನಿಗೆ ಇಷ್ಟು ಅಳುವವರು ಇದ್ದಾರಲ್ಲ ಎಂದು ಆ ದಿನ ಅವಳಿಗೆ ಒಂದು ಬಗೆಯ ಹೆಮ್ಮೆಯೂ ಆಗಿತ್ತು.

*

"ವಿನೋದಕ್ಕನಿಗೆ ರೆಂಜೆಯೇ ಸರಿ," ಎಂದು ಒಬ್ಬರು.

"ಲಾವಂಚ ಹಾಕದೆ ವಿನೋದಾಳಾ?" ಎಂದು ಝೀಟಾಬಾಯಿ.

"ನನ್ನ ಕಪಾಟಿಗೆ ಕೊಟ್ಟದ್ದು ಕೇದಗೆ," ಎಂದರು ಸುಭಾಷಿಣಿಯಮ್ಮ. ಅವರವರಿಗೆ ಅವಳು ಕೊಟ್ಟದ್ದೇ ಅವಳಾಗಿದ್ದಳು.

ಅಷ್ಟರಲ್ಲಿ ಹೆಂಗಸರು ವಿನೋದಾಳಿಗೆ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಗಂಡನಿಗಿಂತ ಮೊದಲು ಹೋದ ಮುತ್ತೈದೆಗೆಂದು ತಲೆತುಂಬ ಮಲ್ಲಿಗೆ ಮುಡಿಸಿದರು. ಕೊನೆಯ ಸಲ ನೋಡಲು ಭುಜಂಗನನ್ನು ಕರೆದರು. ಅವನು ಬಂದು ನಿಂತ. ತುಂಬಾ ಹೊತ್ತು ನೋಡಿದ.

"ಬೇರೆ ಯಾರದೋ ಹೆಂಡತಿಯ ಹಾಗೆ ಕಾಣುತ್ತಾಳೆ," ಎಂದ.

"ಹಾಗೆಲ್ಲ ಹೇಳಬಾರದು ಭುಜಂಗಣ್ಣ," ಎಂದರು ಯಾರೋ.

"ಅಲ್ಲ, ಅವಳು ಮಲ್ಲಿಗೆ ಮುಡಿಯುತ್ತಿರಲಿಲ್ಲ. ಹೊಸತರಲ್ಲಿ ನಾನು ಮಲ್ಪೆಯಿಂದ ಬರುವಾಗ ಮಲ್ಲಿಗೆ ಚೆಂಡು ತರುತ್ತಿದ್ದೆ. ದೇವರ ಪಟಕ್ಕೆ ಹಾಕಿಬಿಡುತ್ತಿದ್ದಳು. ತಲೆಯಲ್ಲಿ ಹೂ ಇದ್ದರೆ ಕೈಯಲ್ಲಿದ್ದದ್ದು ಗೊತ್ತಾಗುವುದಿಲ್ಲ ಅಂತ. ಪೌಡರು ಇಲ್ಲ, ಸಾಬೂನು ಇಲ್ಲ. ಕಡಲೆಹಿಟ್ಟು, ಬಿಸಿನೀರು."

ಪ್ರಣೀತಾ ಹತ್ತಿರ ಬಂದಳು. "ಮಾವ, ಹಾಗಾದ್ರೆ ಅತ್ತೆಗೆ ಎಂತ ಪರಿಮಳ ಇತ್ತು?"

"ಅವಳಿಗಾ?" ಭುಜಂಗ ಸೊಸೆಯತ್ತ ತಲೆ ಎತ್ತಿದ. "ಅವಳಿಗೆ ಪರಿಮಳ ಇರಲಿಲ್ಲ. ಇರ್ಲಿಕ್ಕೆ ಬಿಡಲಿಲ್ಲ ಅವಳು. ನಾಲ್ಕು ಬಗೆ ಮೂಸಿದ ಮೇಲೆ ಮೂಗು ಸಾಯ್ತದಂತೆ. ಆಗ ಹೀಗೆ," ಅವನು ಕೈ ಮಡಚಿ ಮೊಣಕೈಯ ಒಳಮಡಿಕೆಯನ್ನು ಮೂಗಿಗೆ ಒತ್ತಿ ತೋರಿಸಿದ, "ಹೀಗೆ ತನ್ನನ್ನೇ ಮೂಸಬೇಕು. ಸ್ಲೇಟು ಒರೆಸಿದ ಹಾಗೆ ಅಂತಿದ್ದಳು. ಆಮೇಲೆ ಮತ್ತೊಂದು."

ಝೀಟಾಬಾಯಿ "ಅಯ್ಯೋ ದೇವಾ" ಎಂದಳು ಮೆಲ್ಲಗೆ. "ಅವತ್ತು ಅವಳು ಅತ್ತದ್ದಲ್ಲ."

ಪ್ರಣೀತಾ ಬಚ್ಚಲಿಗೆ ಓಡಿದಳು. ರಾತ್ರಿ ವಿನೋದಾ ತೊಟ್ಟಿದ್ದ ನೈಟಿ ಗೂಟದಲ್ಲಿತ್ತು. ಒಗೆದು ಒಗೆದು ಬಣ್ಣ ಹೋದ ಹತ್ತಿಯದು. ಅದರ ಮೊಣಕೈಯವರೆಗಿನ ಬಲತೋಳನ್ನು ಕತ್ತರಿಸಿ, ಮಡಚಿ, ಹೊಸದೊಂದು ತೆಳು ಬಟ್ಟೆಯ ಚೀಲಕ್ಕೆ ಹಾಕಿದಳು. ಲಾವಂಚದ ಚೀಲದತ್ತ ಹೋದ ಕೈಯನ್ನು, ಅದಕ್ಕೂ ಪರಿಮಳ ಉಂಟೆಂದು, ಹಿಂದಕ್ಕೆ ತೆಗೆದುಕೊಂಡಿದ್ದಳು. ಬಾಯಿ ಹೊಲಿಯುವಾಗ ಅವಸರಕ್ಕೆ ಹೊಲಿಗೆ ಸೊಟ್ಟಗಾಯಿತು.

"ಎಂತ ಹಾಕಿದ್ದು?" ದೇಜಪ್ಪ ಕೇಳಿದ. ಹೇಳಿದಳು. "ಸತ್ತವಳು ಉಟ್ಟ ಬಟ್ಟೆಯನ್ನು ಮನೆಯೊಳಗೆ ನೇತು ಹಾಕುವುದಾ! ಯಾರಾದರೂ ಕೇಳಿದರೆ ಎಂತ ಹೇಳುವುದು?"

"ಬೊಜ್ಜದವರೆಗೆ ಅಲ್ವಾ," ಎಂದ ಭುಜಂಗ. "ಕಟ್ಟು ಮಗಳೇ."

ಹೊರಗೆ ಕಾರ್ಕಳದ ಅಣ್ಣ ರಿಕ್ಷಾ ಇಳಿಯುತ್ತಿದ್ದರು. ವಿನೋದಾಳ ಮಗ, ಪ್ರಣೀತಾಳ ಗಂಡ ಹರ್ಷಿತ್ ಅಂಗಳದಲ್ಲಿ ಒದ್ದೆ ಬಟ್ಟೆಯಲ್ಲಿ, ಕೈಯಲ್ಲಿ ಕೆಂಡದ ಮಡಕೆ ಹಿಡಿದು ನಿಂತಿದ್ದ. ಪ್ರಣೀತಾ ಕಡಲ ಕಡೆಯ ಕಿಟಕಿಯ ಸರಳಿಗೆ ಗಂಟು ಕಟ್ಟಿದಳು. ಅದರ ಮುಂದಿನಿಂದಲೇ ವಿನೋದಾಳನ್ನು ಎತ್ತಿಕೊಂಡು ಹೋದರು. ಮಲ್ಲಿಗೆಯ ಪರಿಮಳ ಅಂಗಳ ದಾಟುವವರೆಗೆ ಬಂತು, ಆಮೇಲೆ ಇಲ್ಲವಾಯಿತು.

*

ಸಂಜೆ ಹೊತ್ತಿಗೆ ಗಂಡಸರು ಮಿಂದು ಹಿಂದಿರುಗಿದರು. ದೇಜಪ್ಪ ತನ್ನ ಹಗ್ಗ, ಕತ್ತಿ ಒಯ್ಯಲು ಚಾವಡಿಗೆ ಬಂದ. ಝೀಟಾಬಾಯಿ ಮೂಲೆಯಲ್ಲಿ ಕುಳಿತು ಎಡ್ಮಂಡನ ಸುರುಳಿಗಳನ್ನು ಚೀಲಕ್ಕೆ ಮತ್ತೆ ತುಂಬುತ್ತಿದ್ದಳು.

"ನೀನೂ ಒಮ್ಮೆ ಮೂಸಿ ನೋಡು ದೇಜಪ್ಪ," ಎಂದಳು ಕಿಟಕಿಯತ್ತ ಗಲ್ಲದಿಂದ ತೋರಿಸಿ. "ನಾನು ನೋಡಿದೆ. ಆಮೇಲೆ ಇದನ್ನು ಮೂಸಿದರೆ ಬೀಡಿ ಬೇರೆ, ಮರ ಬೇರೆ, ಅವನು ಬೇರೆ. ಎಲ್ಲ ಬಿಡಿ ಬಿಡಿಯಾಗಿ ಬರುತ್ತದೆ."

"ನನಗೆ ಎಂತ ಬರುತ್ತದೆ? ನನ್ನದು ಕಡಲಿಗೆ ಹೋಯಿತು," ಎಂದ ದೇಜಪ್ಪ. ಆದರೂ ಹಗ್ಗ ಹೆಗಲಿಗೇರಿಸಿ ಕಿಟಕಿಯ ಬಳಿ ಹೋದ. ಗಂಟಿಗೆ ಮೂಗು ತಾಗಿಸಿದ.

"ಎಂತದ್ದೂ ಇಲ್ಲವಲ್ಲ ಮಾರಾಯ್ತಿ."

"ಇಲ್ಲ, ದೇಜಪ್ಪಣ್ಣ," ಎಂದಳು ಪ್ರಣೀತಾ. "ಇನ್ನೂ ಸ್ವಲ್ಪ ಹೊತ್ತು ಹಿಡಿಯಿರಿ."

ಅವನು ಕಣ್ಣು ಮುಚ್ಚಿ, ಆ ಸೊಟ್ಟ ಹೊಲಿಗೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಹೊರಗೆ ಗಾಳಿ ಮನೆಯ ಕಡೆಗೆ ತಿರುಗಿತು. ದಾರಿಯಾಚೆಯ ಅಂಗಳದಲ್ಲಿ ದಿನವಿಡೀ ಬಿಸಿಲಿಗೆ ಹರಡಿದ್ದ ಮೀನನ್ನು ಗೋಣಿಗೆ ತುಂಬುತ್ತಿದ್ದರು.

ದೇಜಪ್ಪ ಗಂಟನ್ನು ಬಿಟ್ಟ. ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದ. ಹೆಗಲ ಹಗ್ಗ ಜಾರಿ ನೆಲಕ್ಕೆ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಒಳಗೆ ಬರುವವಳಿಗೆ ದಾರಿ ಬಿಡುವ ಹಾಗೆ, ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.